52 ಮೀಟರ್ ದೂರದ ಗೋಡೆ

ಆರಿದ್ರಾ ಮಳೆ ಹಿಡಿದ ನಾಲ್ಕನೆಯ ದಿನ ಬೆಳಿಗ್ಗೆ, ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಒಂದು ಗೂಡ್ಸ್ ಶೆಡ್ಡಿನ ಮುಂಗೋಡೆಯನ್ನು ಒಣಗಲು ಇಟ್ಟಿದ್ದೆ. ಅದರ ಉದ್ದ 12 ಸೆಂಟಿಮೀಟರ್, ಎತ್ತರ ನಾಲ್ಕೂವರೆ ಸೆಂಟಿಮೀಟರ್. ಅಡುಗೆಮನೆಯ ಮಾಡು ಸೋರುತ್ತಿದ್ದುದರಿಂದ ಹಂಚು ನೋಡಲೆಂದು ಬಂದ ಮೇಸ್ತ್ರಿಗಳು ಕೊಡೆಯನ್ನು ಮಡಚಿ ಕಂಬಕ್ಕೆ ಒರಗಿಸಿ, ಆ ಪುಟ್ಟ ಗೋಡೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ನಮ್ಮ ಮನೆಯ ಹಿಂಭಾಗವನ್ನು ನನ್ನ ತಂದೆಯ ಕಾಲದಲ್ಲಿ ಕಟ್ಟಿದವರು ಅವರೇ. ಈಗ ವಯಸ್ಸು ಎಪ್ಪತ್ತು ದಾಟಿದೆ, ಕರಣೆ ಹಿಡಿಯುವುದನ್ನು ಬಿಟ್ಟಿದ್ದಾರೆ. ಆದರೂ ಗೋಡೆಯೊಂದು ಕಣ್ಣಿಗೆ ಬಿದ್ದರೆ ನಿಂತು ನೋಡದೆ ಮುಂದೆ ಹೋಗುವವರಲ್ಲ.

“ಇದು ನಾಲ್ಕೂವರೆ ಇಂಚಿನ ಗೋಡೆ ಅಲ್ದಾ ಮಾರಾಯ್ರೆ? ಇದ್ರ ಮೇಲೆ ಗೂಡ್ಸ್ ಶೆಡ್ಡಿನ ಮಾಡು ಕೂರ್ಸಿದ್ರೆ ನಿಲ್ತದಾ?” ಎಂದು ಕೇಳಿದರು.

ನಾನು ಕಟ್ಟುತ್ತಿರುವುದು ಶಿವಮೊಗ್ಗ–ತಾಳಗುಪ್ಪ ಮಾರ್ಗವು ಮೀಟರ್‌ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ಆಗಿದ್ದ ಕಾಲದ ಒಂದು ಕಾಲ್ಪನಿಕ ನಿಲ್ದಾಣದ ಪುಟ್ಟ ಮಾದರಿ. ಬೀರೂರಿನಿಂದ 1899ರಲ್ಲಿ ಶಿವಮೊಗ್ಗಕ್ಕೆ ಬಂದ ಹಳಿ ಕಾಡಿನ ನಡುವೆ ಮುಂದುವರಿದು 1940ರಲ್ಲಿ ತಾಳಗುಪ್ಪ ಮುಟ್ಟಿತು. ಮೀಟರ್‌ಗೇಜಿನ ಕೊನೆಯ ವರ್ಷಗಳಲ್ಲಿ ಆ ಹಳಿಯ ಮೇಲೆ ಓಡುತ್ತಿದ್ದ ರೈಲುಬಸ್ಸಿನಲ್ಲಿ ನಾನು ಎಷ್ಟೋ ಸಲ ಕುಳಿತಿದ್ದೇನೆ. ಅದರ ನೆನಪೇ ಈ ಹವ್ಯಾಸಕ್ಕೆ ಮೂಲ. ನನ್ನ ಮಾದರಿಯ ಪ್ರಮಾಣ 1:87, ಅಂದರೆ ಎಲ್ಲವೂ ನಿಜದ ಅಳತೆಯ 87ರಲ್ಲಿ ಒಂದು ಪಾಲು. ಹಾಗಾಗಿ ಮೀಟರ್‌ಗೇಜ್ ಹಳಿ ಹನ್ನೊಂದೂವರೆ ಮಿಲಿಮೀಟರ್ ಅಗಲ ಇರಬೇಕು; ಸಿಗುವುದು 12 ಮಿಲಿಮೀಟರಿನ ಹಳಿ. ಆ ಅರ್ಧ ಮಿಲಿಮೀಟರನ್ನು ನಾನು ಒಪ್ಪಿಕೊಂಡಿದ್ದೇನೆ, ಏಕೆಂದರೆ ಹಳಿಯಲ್ಲಿ ಅಷ್ಟು ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಗೋಡೆಯಲ್ಲಿ ಹಾಗಲ್ಲ ಎಂಬುದು ಆ ಬೆಳಿಗ್ಗೆ ನನಗೆ ತಿಳಿಯಿತು.

ಮೇಸ್ತ್ರಿಗಳು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಇಟ್ಟಿಗೆಯ ಉಬ್ಬುಗಳನ್ನು ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆಯನ್ನು ನಾನು ತರಿಸಿಕೊಂಡಿದ್ದೆ. ಅದರಲ್ಲಿ ಪ್ರತಿ ವರಸೆಯಲ್ಲಿಯೂ ಇಟ್ಟಿಗೆಗಳು ಉದ್ದಕ್ಕೇ ಮಲಗಿದ್ದವು. ಒಂದರ ತುದಿಯೂ ಹೊರಗೆ ಕಾಣುತ್ತಿರಲಿಲ್ಲ, ಅಂದರೆ ಅದು ಒಂದೇ ಇಟ್ಟಿಗೆಯ ಅಗಲದಷ್ಟು, ನಾಲ್ಕೂವರೆ ಇಂಚು ದಪ್ಪದ ಗೋಡೆ. ಬ್ರಿಟನ್ನಿನ ಈಚಿನ ಮನೆಗಳಲ್ಲಿ ನಡುವೆ ಟೊಳ್ಳು ಬಿಟ್ಟು ಎರಡು ತೆಳು ಗೋಡೆಗಳನ್ನು ಕಟ್ಟುವುದರಿಂದ ಹೊರಮೈಯಲ್ಲಿ ಇಟ್ಟಿಗೆಯ ಉದ್ದವಷ್ಟೇ ಕಾಣುತ್ತದೆ. ಒಂಬತ್ತಿಂಚಿನ ಗಟ್ಟಿ ಗೋಡೆಯಲ್ಲಾದರೋ ಒಳಮೈ ಹೊರಮೈಗಳನ್ನು ಕಟ್ಟಿಹಾಕಲು ಕೆಲವು ಇಟ್ಟಿಗೆಗಳು ಅಡ್ಡಲಾಗಿ ಹಾಯಲೇಬೇಕು. ಅವುಗಳ ತಲೆ ಮಾತ್ರ ಹೊರಗೆ ಕಾಣುತ್ತದೆ. ನಾನು ಆರು ದಿನ ಕುಳಿತು ಬಣ್ಣ ಹಚ್ಚಿದ್ದ ಗೋಡೆಯಲ್ಲಿ ಅಂಥ ಒಂದು ತಲೆಯೂ ಇರಲಿಲ್ಲ. ಹಂಚಿನ ಕೆಲಸ ಮುಗಿಸಿ ಕಾಫಿ ಕುಡಿದ ಮೇಲೆ ಮೇಸ್ತ್ರಿಗಳು, “ಬನ್ನಿ, ತೋರಿಸ್ತೆ” ಎಂದು ನನ್ನನ್ನು ಹೊರಡಿಸಿದರು.

ಹೋದದ್ದು ನಮ್ಮ ಬೀದಿಯ ಹಿಂದೆ ಬಾಗಿಲು ಮುಚ್ಚಿ ನಿಂತಿರುವ ಹಳೆಯ ಅಕ್ಕಿ ಗಿರಣಿಗೆ. ಮಣ್ಣಿನ ಗೋಡೆ ಮತ್ತು ಜಂಬಿಟ್ಟಿಗೆಯ ಗೋಡೆಗಳನ್ನೇ ನೋಡುತ್ತ ಬೆಳೆದ ನನಗೆ ಆ ಗಿರಣಿಯ ಇಟ್ಟಿಗೆ ಗೋಡೆ ಬಾಲ್ಯದಿಂದಲೂ ಪರಿಚಿತ, ಆದರೆ ಅದನ್ನು ಓದಲು ನನಗೆ ಬಂದಿರಲಿಲ್ಲ. ಗಿಲಾವು ಕಳಚಿ ಬಿದ್ದ ಭಾಗದಲ್ಲಿ ಮೇಸ್ತ್ರಿಗಳು ಬೆರಳಿಟ್ಟು ತೋರಿಸುತ್ತ ಹೋದರು. ಒಂದು ವರಸೆ ಪೂರ್ತಿ ಉದ್ದಕ್ಕೆ, ಅದರ ಮೇಲಿನದು ಪೂರ್ತಿ ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಇಂಗ್ಲಿಷ್ ಬಾಂಡ್ ಎಂದು ಪುಸ್ತಕಗಳು ಕರೆಯುವ ಕಟ್ಟುವಿಕೆ ಇದೇ. ಮೂಲೆಯಲ್ಲಿ ಅಡ್ಡ ವರಸೆಯ ಮೊದಲ ಇಟ್ಟಿಗೆಯಾದ ಮೇಲೆ, ಉದ್ದಕ್ಕೆ ಸೀಳಿದ ಒಂದು ಸಣ್ಣ ತುಂಡನ್ನು ಸೇರಿಸಿದ್ದರು. ಇದೇಕೆ ಎಂದು ಕೇಳಿದೆ. “ಅದು ಇಲ್ದಿದ್ರೆ ಮೇಲಿನ ಸಂದು ಕೆಳಗಿನ ಸಂದಿನ ನೇರಕ್ಕೇ ಬರ್ತದೆ. ಸಂದಿನ ಮೇಲೆ ಸಂದು ಬಂದ್ರೆ ಗೋಡೆ ಸೀಳ್ತದೆ” ಎಂದರು. ಕಿಟಕಿಯ ಮೇಲೆ ಇಟ್ಟಿಗೆಗಳನ್ನು ನಿಲ್ಲಿಸಿ ಕಟ್ಟಿದ ಕಮಾನು ಇತ್ತು. ಅದರ ಇಟ್ಟಿಗೆಗಳನ್ನು ನನ್ನಿಂದಲೇ ಎಣಿಸಿದರು. ಬೆಸಸಂಖ್ಯೆಯೇ ಬಂದಿತು, ನೆತ್ತಿಯಲ್ಲಿ ಸಂದು ಬಾರದೆ ಒಂದು ಇಟ್ಟಿಗೆ ಕೂರಬೇಕಾದ್ದರಿಂದ ಹಾಗೆ. ನನ್ನ ಗೋಡೆಯ ಬಾಗಿಲಿನ ಮೇಲೆ ಕಮಾನೂ ಇರಲಿಲ್ಲ, ತೊಲೆಯೂ ಇರಲಿಲ್ಲ. ಇಟ್ಟಿಗೆಗಳು ಆಧಾರವಿಲ್ಲದೆ ಗಾಳಿಯಲ್ಲಿ ನಿಂತಿದ್ದವು.

ಮರುದಿನವೇ ಹೊಸ ಗೋಡೆಗೆ ಕೈಹಾಕಿದೆ. ಹಳೆಯ ಕಾಲದ ಇಟ್ಟಿಗೆ 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, 3 ಇಂಚು ದಪ್ಪ. ಅದನ್ನು 87ರಿಂದ ಭಾಗಿಸಿದರೆ ಉದ್ದ 2.6 ಮಿಲಿಮೀಟರ್, ಅಗಲ 1.3, ದಪ್ಪ 0.88. ದಪ್ಪಕ್ಕೆ ಗಾರೆಯ ಸಂದನ್ನು ಸೇರಿಸಿದರೆ ಒಂದು ವರಸೆ ಸರಿಸುಮಾರು ಒಂದು ಮಿಲಿಮೀಟರ್ ಆಗುತ್ತದೆ. ಸ್ಟೀಲ್ ಸ್ಕೇಲಿನ ಒಂದೊಂದು ಗೆರೆಗೂ ಒಂದೊಂದು ವರಸೆ. ಈ ಹೊಂದಿಕೆ ಸಿಕ್ಕಿದಾಗ ನನಗಾದ ಸಂತೋಷವನ್ನು ಈ ಕೆಲಸ ಮಾಡುವವರು ಮಾತ್ರ ಬಲ್ಲರು. ನಾಮಫಲಕ ಮಾಡುವವರ ಅಂಗಡಿಯಿಂದ 3 ಮಿಲಿಮೀಟರ್ ದಪ್ಪದ ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆ ತಂದೆ. ಒಂಬತ್ತಿಂಚಿನ ಗೋಡೆ ಈ ಪ್ರಮಾಣದಲ್ಲಿ 2.6 ಮಿಲಿಮೀಟರ್ ಆಗುವುದರಿಂದ, ಬಾಗಿಲು ಕಿಟಕಿಗಳನ್ನು ಕತ್ತರಿಸಿದಾಗ ಗೋಡೆಯ ದಪ್ಪ ಹೆಚ್ಚುಕಡಿಮೆ ತಾನಾಗಿಯೇ ಸರಿಯಾಗಿ ಕಾಣುತ್ತದೆ. ಅಡ್ಡ ಗೆರೆಗಳನ್ನು ಮೊಂಡು ಮಾಡಿದ ಸೂಜಿಯಿಂದ ಎಳೆದೆ. ಲಂಬ ಸಂದುಗಳಿಗೆ ಇನ್ನೊಂದು ಸೂಜಿಯ ತುದಿಯನ್ನು ಚಪ್ಪಟೆಯಾಗಿ ಉಜ್ಜಿಕೊಂಡು, ಒಂದೊಂದು ಸಂದಿಗೂ ಒಂದೊಂದು ಸಲ ಒತ್ತಿದೆ. ಒಟ್ಟು 45 ವರಸೆ. ಬಾಗಿಲು ಕಿಟಕಿಗಳ ಜಾಗ ಸೇರಿ ಲೆಕ್ಕ ಹಾಕಿದರೆ ಹತ್ತಿರ ಮೂರು ಸಾವಿರ ಇಟ್ಟಿಗೆ. ಮೂಲೆಯಲ್ಲಿ ಸೀಳು ತುಂಡಿಗೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಜಾಗ ಬಿಟ್ಟೆ. ಪಕ್ಕದ ಗೋಡೆಯಲ್ಲಿ ಅದೇ ಎತ್ತರದಲ್ಲಿ ಉದ್ದ ಇಟ್ಟಿಗೆ ಬರುವಂತೆ ಮೊದಲೇ ಲೆಕ್ಕ ಹಾಕಿದ್ದೆ, ಏಕೆಂದರೆ ಮುಂಗೋಡೆಯಲ್ಲಿ ತಲೆ ತೋರಿಸುವ ಮೂಲೆಯ ಇಟ್ಟಿಗೆಯ ಉದ್ದ ಪಕ್ಕದ ಗೋಡೆಯಲ್ಲಿ ಕಾಣಬೇಕು. ಬಾಗಿಲ ಕಮಾನಿಗೆ 29 ಇಟ್ಟಿಗೆ ಬಂದವು.

ಬಣ್ಣದ ವಿಷಯದಲ್ಲಿ ನಾನು ಮೊದಲು ಮಾಡಿದ್ದ ತಪ್ಪು ಇನ್ನೂ ದೊಡ್ಡದು. ಇಟ್ಟಿಗೆ ಎಂದರೆ ಕೆಂಪು, ಗಾರೆ ಎಂದರೆ ಬಿಳಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಬಣ್ಣ ಹಚ್ಚಿದ್ದೆ. ಗಿರಣಿಯ ಗೋಡೆಯನ್ನು ಹತ್ತಿರದಿಂದ ನೋಡಿದಾಗ ಅಲ್ಲಿ ಕೆಂಪು ಎಂದು ಕರೆಯಬಹುದಾದ ಇಟ್ಟಿಗೆ ಬಹಳ ಕಡಿಮೆ ಇತ್ತು. ಇಟ್ಟಿಗೆ ಗೂಡಿನಲ್ಲಿ ಬೆಂಕಿಯ ಬಾಯಿಗೆ ಹತ್ತಿರವಿದ್ದವು ಸುಟ್ಟು ನೇರಳೆಗಪ್ಪಾಗುತ್ತವೆ, ಹೊರಸುತ್ತಿನವು ಅರೆಬೆಂದು ಕಿತ್ತಳೆಯಾಗಿಯೇ ಉಳಿಯುತ್ತವೆ, ನಡುವಿನವು ಮಾತ್ರ ಹದವಾದ ಬಣ್ಣ ಪಡೆಯುತ್ತವೆ. ಮೇಸ್ತ್ರಿಗಳು ತೋರಿಸಿದ ಜಾಗದಲ್ಲಿ ಹತ್ತಕ್ಕೆ ಏಳು ಹದವಾದವು, ಉಳಿದ ಮೂರು ಅತ್ತಿತ್ತಲಿನವು. ಸುಣ್ಣದ ಗಾರೆಯಂತೂ ಬಿಳಿಯಾಗಿರಲೇ ಇಲ್ಲ. ಮಾಸಿದ ಪಂಚೆಯ ಬಣ್ಣಕ್ಕೆ ಚೂರು ಮಣ್ಣು ಬೆರೆತಂತಿತ್ತು.

ಆದರೆ ಹತ್ತಿರದಿಂದ ಕಂಡ ಬಣ್ಣವನ್ನೂ ಹಾಗೆಯೇ ಹಚ್ಚುವಂತಿಲ್ಲ ಎಂಬುದು ಅಂದು ಸಂಜೆ ಹೊಳೆಯಿತು. ಮಾದರಿಯನ್ನು ನಾವು ಸುಮಾರು 60 ಸೆಂಟಿಮೀಟರ್ ದೂರದಿಂದ ನೋಡುತ್ತೇವೆ. ಅದನ್ನು 87ರಿಂದ ಗುಣಿಸಿದರೆ 52 ಮೀಟರ್. ಅಂದರೆ ನನ್ನ ಗೂಡ್ಸ್ ಶೆಡ್ಡನ್ನು ಯಾರೇ ನೋಡಿದರೂ ಅವರು 52 ಮೀಟರ್ ಆಚೆ ನಿಂತು ನೋಡಿದಂತೆಯೇ. ಹಾಗಿದ್ದರೆ ಗೋಡೆಯ ಬಣ್ಣವನ್ನು ನಾನೂ ಅಷ್ಟೇ ದೂರದಿಂದ ಕಾಣಬೇಕು. ಮರುದಿನ ಮಧ್ಯಾಹ್ನ ಮಳೆ ತುಸು ಹೊಳವಾದಾಗ ಗಿರಣಿಯ ಗೋಡೆಯಿಂದ ದಾಪುಗಾಲು ಎಣಿಸುತ್ತ ರಸ್ತೆಯ ಆಚೆಯ ತೋಟದ ಬೇಲಿಯವರೆಗೆ ಹೋಗಿ ನಿಂತೆ. ಬೇರೆ ಬೇರೆ ಮಿಶ್ರಣ ಹಚ್ಚಿದ ಏಳು ರಟ್ಟಿನ ಚೂರುಗಳು ಜೊತೆಯಲ್ಲಿದ್ದವು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯನ್ನು ಪೂರ್ತಿ ಚಾಚಿ ಒಂದೊಂದೇ ಚೂರನ್ನು ದೂರದ ಗೋಡೆಯ ಪಕ್ಕಕ್ಕೆ ಬರುವಂತೆ ಹಿಡಿದು ನೋಡಿದೆ. ನಾನು ಸರಿಯೆಂದು ನಂಬಿದ್ದ ಮಿಶ್ರಣ ಆ ಗೋಡೆಯ ಮುಂದೆ ಕುಂಕುಮದಂತೆ ಉರಿಯಿತು. ಅಷ್ಟು ದೂರದಿಂದ ಗಾರೆಯ ಗೆರೆಗಳು ಗೆರೆಗಳಾಗಿ ಕಾಣುತ್ತಿರಲಿಲ್ಲ. ಅವು ಇಟ್ಟಿಗೆಯ ಬಣ್ಣದಲ್ಲಿ ಕರಗಿ ಇಡೀ ಗೋಡೆಯನ್ನು ತಿಳಿಗೊಳಿಸಿದ್ದವು. ನಡುವೆ ಇದ್ದ ತೇವದ ಗಾಳಿ ಅದಕ್ಕೆ ಇನ್ನಷ್ಟು ಬೂದು ಬೆರೆಸಿತ್ತು. ಕೊನೆಗೆ ಹೊಂದಿದ್ದು ಆರನೆಯ ಚೂರು. ಕಾವಿ ಬಣ್ಣಕ್ಕೆ ಹಳದಿ ಮಣ್ಣಿನ ಬಣ್ಣ, ಬಿಳಿ, ಒಂದು ತೊಟ್ಟು ಕಪ್ಪು ಬೆರೆಸಿ ಮಾಡಿದ ಅದನ್ನು ಮನೆಯ ಮೇಜಿನ ಮೇಲೆ ಯಾರಿಗೆ ತೋರಿಸಿದರೂ ಇಟ್ಟಿಗೆ ಬಣ್ಣವೆಂದು ಒಪ್ಪುತ್ತಿರಲಿಲ್ಲ.

ಆ ಬಣ್ಣವನ್ನು ಇಡೀ ಗೋಡೆಗೆ ತೆಳ್ಳಗೆ ಎರಡು ಸಲ ಹಚ್ಚಿದೆ. ಅದಕ್ಕೇ ತುಸು ಕಪ್ಪು, ತುಸು ಕಿತ್ತಳೆ, ತುಸು ನೇರಳೆ ಬೆರೆಸಿದ ಮೂರು ಛಾಯೆಗಳನ್ನು ಮಾಡಿಕೊಂಡು, ಹತ್ತಕ್ಕೆ ಮೂರರಂತೆ ಬಿಡಿ ಇಟ್ಟಿಗೆಗಳನ್ನು ಸಣ್ಣ ಕುಂಚದಿಂದ ಮುಟ್ಟಿದೆ. ಛಾಯೆಗಳ ನಡುವಿನ ಅಂತರ ಅತ್ಯಲ್ಪವಾಗಿರಬೇಕು, ಇಲ್ಲದಿದ್ದರೆ ಗೋಡೆಗೆ ಚದುರಂಗದ ಹಾಸಿನ ರೂಪ ಬರುತ್ತದೆ. ಗಾರೆಗೆ ಅಕ್ರಿಲಿಕ್ ಬಣ್ಣವನ್ನು ಮಜ್ಜಿಗೆ ನೀರಿನಷ್ಟು ತೆಳು ಮಾಡಿ, ಅದು ಸಂದುಗಳಲ್ಲಿ ಹರಿಯಲೆಂದು ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸೇರಿಸಿ, ಗೋಡೆಯನ್ನು ಮಲಗಿಸಿ ಹಚ್ಚಿದೆ. ಬೇಸಿಗೆಯಲ್ಲಾದರೆ ಹತ್ತು ನಿಮಿಷದಲ್ಲಿ ಮೇಲ್ಮೈಯನ್ನು ಒರೆಸಬಹುದು. ನಾನು ಅದೇ ಲೆಕ್ಕದಲ್ಲಿ ಒರೆಸಿದಾಗ ಸಂದಿನೊಳಗಿನ ಬಣ್ಣವೂ ಬಟ್ಟೆಗೆ ಬಂದುಬಿಟ್ಟಿತು. ಎರಡನೆಯ ಸಲ ಹಚ್ಚಿ, ಮಳೆಗಾಲದಲ್ಲಿ ನಾವು ಬಟ್ಟೆ ಒಣಗಿಸುವ ಬಚ್ಚಲೊಲೆಯ ಹತ್ತಿರ ಇಟ್ಟೆ. ಬಣ್ಣವೇನೋ ಒಣಗಿತು, ಆದರೆ ಸನ್‌ಬೋರ್ಡ್ ಕಾವಿಗೆ ಮೆತ್ತಗಾಗಿ ನಡುವೆ ಬಿಲ್ಲಿನಂತೆ ಬಾಗಿತು. ಅದನ್ನು ಗಾಜಿನ ತುಂಡಿನ ಮೇಲೆ ಮಲಗಿಸಿ, ಮೇಲೆ ಭಾರ ಹೇರಿ ಎರಡು ದಿನ ಬಿಟ್ಟು, ಆಮೇಲೆ ಒಳಮೈಗೆ ಅಡ್ಡಪಟ್ಟಿಗಳನ್ನು ಅಂಟಿಸಿದ ಮೇಲೆ ನೇರವಾಯಿತು. ಉಳಿದ ಮೂರು ಗೋಡೆಗಳನ್ನು ಒಲೆಯ ಬಳಿಗೆ ಒಯ್ಯಲಿಲ್ಲ. ನಾಗಂದಿಗೆಯ ಮೇಲೆ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದೆ.

ಮಲೆನಾಡಿನ ಗೋಡೆಗೆ ಅದರ ಮೇಲೆ ಬಿದ್ದ ಮಳೆಯೂ ಸೇರಿದರೆ ಮಾತ್ರ ಅದು ಪೂರ್ಣ. ನಮ್ಮಲ್ಲಿ ಮಳೆ ನೈಋತ್ಯದಿಂದ ಬೀಸುತ್ತದೆ. ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟುವಾಗ ಮಳೆ ಹೊಡೆಯುವ ಆ ಮಗ್ಗುಲನ್ನು ಯಾರೂ ಮರೆಯುವುದಿಲ್ಲ. ಗಿರಣಿಯಲ್ಲಿಯೂ ಪಡುವಣ ಗೋಡೆ ಪಾಚಿ ಕಟ್ಟಿತ್ತು, ಮೂಡಣದ್ದು ಹೆಚ್ಚುಕಡಿಮೆ ಶುಭ್ರವಾಗಿತ್ತು. ಹಾಗಾಗಿ ನನ್ನ ನಿಲ್ದಾಣದ ಹಲಗೆಯ ಮೇಲೆ ಮೊದಲು ದಿಕ್ಕುಗಳನ್ನು ಗುರುತು ಮಾಡಿ, ಆಮೇಲೆ ಪಾಚಿ ಬಳಿದೆ. ಪಾಚಿಯೂ ಆಷಾಢದಲ್ಲಿ ಹಸಿರು, ಬೇಸಿಗೆಯಲ್ಲಿ ಒಣಗಿ ಕರಿ ಗೆರೆಗಳು. ನಾನು ಆರಿಸಿಕೊಂಡದ್ದು ಆಷಾಢ. ಸೂರಿನ ನೀರು ಬಿದ್ದು ಸಿಡಿದ ಕೆಮ್ಮಣ್ಣಿನ ರಾಡಿ ಗೋಡೆಯ ಬುಡದಲ್ಲಿ ಒಂದೂವರೆ ಅಡಿಯವರೆಗೆ ಹತ್ತಿರುತ್ತದೆ, ಅಂದರೆ ಮಾದರಿಯಲ್ಲಿ 5 ಮಿಲಿಮೀಟರ್. ಅದಕ್ಕೆ ಗಿರಣಿಯ ಬಳಿ ಬಿದ್ದಿದ್ದ ಇಟ್ಟಿಗೆ ಚೂರನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಆ ಪುಡಿಯನ್ನೇ ಒಣ ಕುಂಚದಿಂದ ಹಚ್ಚಿದೆ. ಮೇಲೆ ಮ್ಯಾಟ್ ವಾರ್ನಿಶ್ ಹೊಡೆದಾಗ ಪುಡಿಯ ಬಣ್ಣ ಒಂದು ಪಟ್ಟು ಗಾಢವಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು ಕಡಿಮೆಯೇ ಹಚ್ಚಬೇಕು.

ಪುಷ್ಯ ಮಳೆಯ ಹೊತ್ತಿಗೆ ಹಂಚಿನ ಮಾಡೂ ಕೂತಿತು. ಮೇಸ್ತ್ರಿಗಳನ್ನು ಕರೆದು ತೋರಿಸಿದೆ. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮೂಲೆಯ ಸೀಳು ತುಂಡನ್ನು ಮೊದಲು ಹುಡುಕಿದರು. ಬಳಿಕ ಬಾಗಿಲ ಕಮಾನಿನ ಇಟ್ಟಿಗೆಗಳನ್ನು ಎಡದಿಂದ ಬಲಕ್ಕೆ ತುಟಿಯಲ್ಲೇ ಎಣಿಸಿದರು. ಎಣಿಕೆ ಮುಗಿದ ಮೇಲೂ ಸ್ವಲ್ಪ ಹೊತ್ತು ಬಗ್ಗಿ ಗೋಡೆಯ ಬುಡವನ್ನೇ ನೋಡುತ್ತಿದ್ದರು.

“ಸೂರಿನ ನೀರು ಬೀಳೂ ಜಾಗಕ್ಕೆ ಕಲ್ಲು ಹಾಸ್ಲಿಲ್ಲ ಅಲ್ದಾ? ಎರಡು ಮಳೆಗಾಲಕ್ಕೆ ಅಡಿಪಾಯ ಕೊರೀತದೆ” ಎಂದರು.

ಕಲ್ಲಿನ ಅಗಲ ಎಷ್ಟಿರಬೇಕೆಂದು ಕೇಳಿದೆ. ಒಂದು ಮೊಳ ಸಾಕು ಎಂದರು. ಮೊಳವನ್ನು 87ರಿಂದ ಭಾಗಿಸಿ, 5 ಮಿಲಿಮೀಟರ್ ಅಗಲದ ಪಟ್ಟಿಯನ್ನು ಅಂದು ಸಂಜೆಯೇ ಕತ್ತರಿಸಿಟ್ಟುಕೊಂಡೆ.