ಡೇವ್ ತನ್ನ ಜಾಗ ಬಿಡಲಿಲ್ಲ

ನಾಯಿ ಸಾಯುವ ಕಥೆಗಳನ್ನು ನಾನು ಓದುವುದಿಲ್ಲ. ಸಿನಿಮಾದಲ್ಲಿ ನಾಯಿಗೆ ಪೆಟ್ಟು ಬೀಳುತ್ತೆ ಅನ್ನಿಸಿದರೂ ಎದ್ದು ಆಚೆ ಹೋಗುತ್ತೇನೆ. ಜಾಕ್ ಲಂಡನ್ ಬರೆದ ‘ದ ಕಾಲ್ ಆಫ್ ದ ವೈಲ್ಡ್’ ಕಾದಂಬರಿಯನ್ನು ನಾನು ಕೈಗೆತ್ತಿಕೊಂಡದ್ದು ಚಿನ್ನದ ಆಸೆಗೆ. ನಮ್ಮದು ರಾಯಚೂರು ಜಿಲ್ಲೆಯ ಹಟ್ಟಿ, ಚಿನ್ನದ ಗಣಿಯ ಊರು. ಅಪ್ಪ ಆ ಗಣಿಯಲ್ಲೇ ದುಡಿದು ರಿಟೈರ್ ಆದವರು. 1896ರಲ್ಲಿ ಕೆನಡಾದ ಕ್ಲಾಂಡೈಕ್ ಕಡೆ ಚಿನ್ನ ಸಿಕ್ಕಿತು. ಸುದ್ದಿ ಹಬ್ಬಿದ್ದೇ ತಡ, ಮರುವರ್ಷ ಜನ ಸಾವಿರಗಟ್ಟಲೆ ಅತ್ತ ನುಗ್ಗಿದರು. 21 ವರ್ಷದ ಹುಡುಗ ಲಂಡನ್ ಕೂಡ ಹೊರಟುಬಿಟ್ಟಿದ್ದ. ಅಲ್ಲಿ ಕಂಡದ್ದನ್ನೆಲ್ಲ ಇಟ್ಟುಕೊಂಡು ಬರೆದ ಈ ಕಾದಂಬರಿ ಬಂದದ್ದು 1903ರಲ್ಲಿ. ಚಿನ್ನದ ಊರಿನವಳು ಇದನ್ನ ಓದದಿದ್ರೆ ಹೇಗೆ ಅಂತ ಶುರು ಮಾಡಿದೆ.

ಎಲ್ಲಿ ನೋಡಿದರೂ ಹಿಮ. ಹೊರಗೆ ನಮ್ಮ ಮೇ ತಿಂಗಳ ಬಿಸಿಲು. ಗಣಿಗೆ ಹೋಗುವವರ ಸಾಮಾನು, ಟಪಾಲು ಎಲ್ಲವನ್ನೂ ಅಲ್ಲಿ ಎಳೆಯುವುದು ನಾಯಿಗಳು, ಚಕ್ರವಿಲ್ಲದ ಸ್ಲೆಡ್ಜ್ ಬಂಡಿಗೆ ಹೂಡಿದ ನಾಯಿಗಳು. ಹಾಗಾಗಿ ಗಟ್ಟಿ ಮೈಯ, ದಪ್ಪ ಕೂದಲಿನ ನಾಯಿಗಳಿಗೆ ಎಲ್ಲಿಲ್ಲದ ಬೆಲೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಜಡ್ಜ್ ಮನೆಯಲ್ಲಿ ಸುಖವಾಗಿದ್ದ ಬಕ್ ಎಂಬ ನಾಯಿಯನ್ನು ತೋಟದ ಆಳು ಕದ್ದು ಮಾರಿಬಿಡುತ್ತಾನೆ. ಕಥೆ ಪೂರ್ತಿ ಬಕ್‌ನದೇ. ಬಕ್‌ನ ಪಾದ ಮೆತ್ತಗೆ, ಹಿಮದ ಮೇಲೆ ಓಡಿ ಓಡಿ ನೋಯುತ್ತವೆ. ಬಂಡಿ ಹೊಡೆಯುವ ಫ್ರಾಂಸ್ವಾ ದಿನಾ ರಾತ್ರಿ ಅವನ ಪಾದ ತಿಕ್ಕಿ, ತನ್ನ ಚರ್ಮದ ಬೂಟಿನ ಮೇಲ್ಭಾಗವನ್ನೇ ಕತ್ತರಿಸಿ ಅವನಿಗೆ ನಾಲ್ಕು ಸಣ್ಣ ಬೂಟು ಮಾಡಿಕೊಡುತ್ತಾನೆ. ಒಂದು ದಿನ ಅದನ್ನು ತೊಡಿಸಲು ಮರೆತರೆ, ಬಕ್ ಅಂಗಾತ ಮಲಗಿ ನಾಲ್ಕೂ ಕಾಲು ಮೇಲೆತ್ತಿ ಆಡಿಸುತ್ತಾ, ಬೂಟಿಲ್ಲದೆ ಏಳೋದೇ ಇಲ್ಲ ಅಂತ ಹಟ ಹಿಡಿಯುತ್ತಾನೆ. ನಾಯಿ ಸಾಕಿದವರಿಗೆ ಗೊತ್ತು, ಇದು ಕಟ್ಟುಕಥೆ ಅಲ್ಲ.

ಆದರೆ ನನ್ನ ಎದೆಗೆ ತಾಕಿದ್ದು ಬಕ್ ಅಲ್ಲ, ಡೇವ್.

ಡೇವ್ ಯಾರ ಗೆಳೆತನಕ್ಕೂ ಹೋಗದ, ಮುಖ ಗಂಟಿಕ್ಕಿಕೊಂಡೇ ಇರುವ ನಾಯಿ. ತಿನ್ನುತ್ತಾನೆ, ಮಲಗುತ್ತಾನೆ. ಬಂಡಿಗೆ ಹೂಡಿದರೆ ಸಾಕು, ಬೇರೆಯೇ ಜೀವ. ಬಂಡಿಗೆ ತೀರಾ ಹತ್ತಿರದ ಜಾಗ ಅವನದು. ಡಾಸನ್ ಊರಿನಿಂದ ಟಪಾಲು ಹೊತ್ತು ಬರುವಾಗ ಅವನಿಗೆ ಒಳಗೆಲ್ಲೋ ಏನೋ ಆಗುತ್ತದೆ. ಮೈಯೆಲ್ಲ ಒತ್ತಿ ನೋಡುತ್ತಾರೆ, ಮುರಿದ ಮೂಳೆ ಸಿಗುವುದಿಲ್ಲ. ಹೆಜ್ಜೆಹೆಜ್ಜೆಗೂ ಬೀಳುತ್ತಾನೆ. ಪಾಪ, ಸುಮ್ನೆ ಹಿಂದೆ ಬರಲಿ ಅಂತ ಬಿಚ್ಚಿ, ಅವನ ಜಾಗಕ್ಕೆ ಸೋಲೆಕ್ಸ್ ಅನ್ನುವ ನಾಯಿಯನ್ನು ಹೂಡುತ್ತಾರೆ. ಡೇವ್ ತಡೆದುಕೊಳ್ಳುವುದಿಲ್ಲ. ಪಕ್ಕದ ಮೆತ್ತನೆ ಹಿಮದಲ್ಲಿ ಹೂತುಕೊಳ್ಳುತ್ತಾ, ಅಳುತ್ತಾ ಓಡುತ್ತಾನೆ. ಚಾಟಿ ಬೀಸಿದರೂ ಕೇಳುವುದಿಲ್ಲ. ಬಂಡಿ ನಿಂತಾಗ ಸೋಲೆಕ್ಸ್‌ನ ಹಗ್ಗಗಳನ್ನು ಹಲ್ಲಿನಿಂದ ಕಡಿದು ಹಾಕಿ, ತನ್ನ ಜಾಗದಲ್ಲಿ ತಾನು ನಿಂತುಬಿಡುತ್ತಾನೆ. ಮುಂದೆ ಹೋಗಲು ನೋಡಿದರೆ ಬಂಡಿ ಅಲ್ಲಾಡುತ್ತಿಲ್ಲ. ಹಿಂದೆ ತಿರುಗಿದರೆ ಡೇವ್, ಕಣ್ಣಲ್ಲೇ ಬೇಡಿಕೊಳ್ಳುತ್ತಾ. ಹೇಗೂ ಸಾಯುವ ಜೀವ, ಕೆಲಸ ಮಾಡುತ್ತಾ ಸಾಯಲಿ ಅಂತ ಅವನನ್ನೇ ಮತ್ತೆ ಹೂಡುತ್ತಾರೆ. ಮರುದಿನ ಬೆಳಿಗ್ಗೆ ಏಳಲಾರದೆ, ಬಂಡಿಯ ಕಡೆಗೆ ತೆವಳುತ್ತಾನೆ. ಮುಂದಿನದನ್ನು ಬರೆಯಲು ನನ್ನಿಂದಾಗದು. ಮರಗಳ ಆಚೆ ಏನಾಯಿತು ಅಂತ ಉಳಿದ ನಾಯಿಗಳಿಗೆಲ್ಲ ಗೊತ್ತಿತ್ತು ಅನ್ನುತ್ತಾನೆ ಲಂಡನ್.

ಪುಸ್ತಕ ಮಗುಚಿಟ್ಟು ಬಿಕ್ಕಿಬಿಕ್ಕಿ ಅತ್ತೆ. ಅವ್ವ ಅಡುಗೆಮನೆಯಿಂದ ಓಡಿ ಬಂದಳು.

‘ಯಾಕಬೇ, ಅಳಾಕ ಹತ್ತಿ? ಏನಾತು?’

‘ನಾಯಿ ಸತ್ತತವ್ವ.’

‘ಯಾರ ಮನೀದು?’

ಪುಸ್ತಕ ತೋರಿಸಿದೆ. ಬೈತಾಳೆ ಅಂದುಕೊಂಡರೆ ಪಕ್ಕದಲ್ಲೇ ಕೂತಳು. ಎಲ್ಲ ಹೇಳಿದೆ. ಜೋಳದ ಹಿಟ್ಟಿನ ಕೈ ಮಡಿಲಲ್ಲಿಟ್ಟುಕೊಂಡು ಕೇಳಿದಳು. ‘ಕಡೀಕ ಹೂಡಿದ್ರಲ್ಲ, ಅಷ್ಟರ ಮಾಡಿದ್ರು’ ಅಂದಳು.

ನನಗೂ ಹಾಗೇ ಅನ್ನಿಸುತ್ತದೆ. ಸಾಯುವ ನಾಯಿಯಿಂದ ಬಂಡಿ ಎಳೆಸಿದರು ಅಂತ ಅವರನ್ನು ಕ್ರೂರಿಗಳು ಅನ್ನಲು ನನಗೆ ಮನಸ್ಸಿಲ್ಲ. ಅದೇ ಕಾದಂಬರಿಯಲ್ಲಿ ಮುಂದೆ ಹ್ಯಾಲ್ ಅಂತ ಒಬ್ಬ ಬರುತ್ತಾನೆ. ಬಂಡಿಗೆ ಮಿತಿಮೀರಿ ಸಾಮಾನು ಹೇರಿ, ಹಸಿದ ನಾಯಿಗಳನ್ನು ಬಡಿದು ಬಡಿದು ನಡೆಸುತ್ತಾನೆ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟು. ಅವನಿಗೆ ನಾಯಿ ಬೇಕಿದ್ದದ್ದು ಎಳೆಯೋದಕ್ಕೆ ಅಷ್ಟೇ. ಟಪಾಲಿನವರು ಡೇವ್‌ನನ್ನು ಹೂಡಿದ್ದು ಅವನು ಕೇಳಿಕೊಂಡ ಅಂತ. ನಾಯಿ ಪ್ರೀತಿ ಅಂದರೆ ಹಾಲು, ಬಿಸ್ಕತ್ತು, ಹಾಸಿಗೆ ಅಂತ ನಾವು ತಿಳಿದಿರುತ್ತೇವೆ. ಕೆಲವು ನಾಯಿಗಳಿಗೆ ಬೇಕಾದದ್ದು ತನ್ನ ಜಾಗ.

ಹೀಗೆ ಹೇಳುವ ಧೈರ್ಯ ನನಗೆ ಬಂದದ್ದು ಕುರಿಯವರ ನಾಯಿಯಿಂದ. ಜೋಳ, ತೊಗರಿ ಕೊಯ್ಲು ಮುಗಿದ ಮೇಲೆ ನಮ್ಮ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆ ಅಂತ ರಾತ್ರಿ ಕುರಿ ನಿಲ್ಲಿಸುತ್ತಾರೆ. ಕುರಿಗಳ ಸುತ್ತ ನಾಯಿಗಳ ಕಾವಲು. ಕಳೆದ ಸಲ ಬಂದವರ ಜೊತೆ ಒಂದು ಮುದಿ ನಾಯಿ ಇತ್ತು. ಕಿವಿಯ ತುದಿ ಹರಿದಿತ್ತು, ಹಿಂಗಾಲು ಎಳೆಯುತ್ತಿತ್ತು. ರೊಟ್ಟಿ ಹಾಲಿಗೆ ಹಾಕಿ ಕೊಟ್ಟೆ. ತಿಂದು, ನನ್ನ ಕೈ ನೆಕ್ಕಿ, ಕುಂಟುತ್ತಾ ಹೋಗಿ ಹಿಂಡಿನ ಅಂಚಿನಲ್ಲಿ ಕತ್ತಲಿಗೆ ಮುಖ ಮಾಡಿ ಕೂತುಕೊಂಡಿತು. ಮನಸ್ಸು ತಡೆಯದೆ ಕುರಿ ಕಾಯುವ ಅಣ್ಣನನ್ನು ಕೇಳಿದೆ, ‘ಅಣ್ಣಾ, ಇದನ್ನ ನಮ್ಮನಿಯಾಗ ಬಿಟ್ಟು ಹೋಗ್ರಿ, ನಾ ನೋಡ್ಕೊಂತೀನಿ.’

‘ಬಿಟ್ರ ನಿಂದ್ರಂಗಿಲ್ರಿ ಅಕ್ಕಾರ. ಅದಕ್ಕ ರೊಟ್ಟಿಗಿಂತ ಕುರಿ ಮ್ಯಾಲ ಜೀವ’ ಅಂದ. ಆಗ ನನಗೆ ಸಮಾಧಾನ ಆಗಿರಲಿಲ್ಲ. ಬಿಡೋಕೆ ಇಷ್ಟ ಇಲ್ಲ ಅಂತ ಏನೋ ಹೇಳ್ತಾನೆ ಅನ್ನಿಸಿತ್ತು. ಈಗ ಡೇವ್ ಆ ಮಾತನ್ನೇ ಹಲ್ಲಿನಿಂದ ಹಗ್ಗ ಕಡಿದು ಹೇಳಿದ.

ಈ ವರ್ಷವೂ ಕುರಿಯವರು ಬರುತ್ತಾರೆ. ಆ ಅಣ್ಣನನ್ನು ಕೂರಿಸಿ, ಚಹಾ ಕೊಟ್ಟು, ಡೇವ್‌ನ ಕಥೆ ಪೂರ್ತಿ ಹೇಳಬೇಕು ಅಂತಿದ್ದೇನೆ. ನೀವಾಗಿದ್ರೆ ಹೂಡ್ತಿದ್ರಾ ಅಂತ ಕೇಳಬೇಕು.