ಡೆಕ್ ಕೊಟ್ಟು ಹಾರ್ಮೋನಿಯಂ ತಂದೆ

ಹಳೆ ಸಾಮಾನಿನ ಅದಲುಬದಲಿಗೆ ನಾನು ಹೊತ್ತೊಯ್ದದ್ದು ಕ್ಯಾಸೆಟ್ ಡೆಕ್. ಮೋಟಾರು ತಿರುಗುತ್ತೆ, ಟೇಪ್ ಓಡಲ್ಲ. ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂತಾಗಿದೆ ಅಂತ ಮೊದಲೇ ಹೇಳಿಬಿಟ್ಟೆ. ಮುಚ್ಚಿಟ್ಟು ದಾಟಿಸೋದು ನನಗೆ ಬರಲ್ಲ. ಎದುರಿನ ಹಿರಿಯರು ನಕ್ಕರು: "ಬೆಲ್ಟ್ ತಾನೇ? ಸ್ಪಿರಿಟ್‌ನಲ್ಲಿ ಒರೆಸಿ ಹೊಸದು ಹಾಕ್ಕೋತೀನಿ ಬಿಡಿ."

ಪಕ್ಕದಲ್ಲೊಂದು ರೆಕಾರ್ಡ್ ತಿರುಗಿಸೋ ಟರ್ನ್‌ಟೇಬಲ್, ಟೆಕ್ನಿಕ್ಸ್ ಎಸ್‌ಎಲ್-1200. 1972ರಲ್ಲಿ ಬಂದ ಮಾದರಿ, ಡೈರೆಕ್ಟ್ ಡ್ರೈವ್, ಅಂದರೆ ಮೋಟಾರೇ ನೇರವಾಗಿ ತಟ್ಟೆ ತಿರುಗಿಸುತ್ತೆ, ಬೆಲ್ಟಿನ ತಲೆನೋವೇ ಇಲ್ಲ. ಅದರ ಯಜಮಾನ ಕೊಡೋಕೆ ಬಂದಿದ್ದನೋ, ತೋರಿಸೋಕೆ ಬಂದಿದ್ದನೋ!

ನನ್ನ ಕಣ್ಣು ಮಾತ್ರ ಹಿರಿಯರ ಹಾರ್ಮೋನಿಯಂ ಮೇಲೆ. ಯಾವ ಮನೆಯನ್ನೂ (ಕೀಲಿಯನ್ನೂ) ಒತ್ತದೆ ತಿದಿ ಹಾಕಿ ನೋಡಿದೆ, ಗಾಳಿ ಸೋರದೆ ಒಳಗೇ ನಿಂತಿತು. ಆಮೇಲೆ ಒಂದೊಂದೇ ಮನೆ ನುಡಿಸಿದರೆ ಮಧ್ಯದ ಗಾಂಧಾರ ಮೂಕ.

"ಸ್ವರ ಹೊರಡಿಸೋ ಲೋಹದ ನಾಲಿಗೆ ಇದೆಯಲ್ಲ, ಆ ರೀಡಿಗೆ ದೂಳು ಸಿಕ್ಕಿದೆ, ತೆಳು ಕಾಗದ ಆಡಿಸಿ," ಅಂದರು. ರಾತ್ರಿ ಆಡಿಸಿದೆ. ಗಾಂಧಾರ ಕೆಮ್ಮಿ, ಆಮೇಲೆ ಹಾಡಿತು.