ಇಲ್ಲದವರನ್ನು ಇಷ್ಟೊಂದು ಹಚ್ಚಿಕೊಳ್ಳುವುದು ಹೇಗೆ?

ರೋಲ್ ಪ್ಲೇಯಿಂಗ್ ಗೇಮ್‌ಗಳನ್ನು, ಆಡುವವರ ಮಾತಿನಲ್ಲಿ ಹೇಳುವುದಾದರೆ ಆರ್‌ಪಿಜಿಗಳನ್ನು, ನಾನು ಬಹಳ ವರ್ಷಗಳಿಂದ ಆಡುತ್ತಿದ್ದೇನೆ. ಕತೆಯೊಂದರ ಪಾತ್ರವಾಗಿ, ಅದರ ಮಾತು ನಡೆಗಳನ್ನು ನಾವೇ ಆರಿಸುತ್ತ ಹೋಗುವ ಆಟಗಳಿವು; ನಾನು ಆಡುವುದು ಕಂಪ್ಯೂಟರಿನಲ್ಲಿ. ನನ್ನನ್ನು ಬಲ್ಲವರಲ್ಲಿ ಈ ಆಟಗಳ ಪರಿಚಯವಿಲ್ಲದವರು ಒಂದಲ್ಲ ಒಂದು ದಿನ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ಆ ಊರುಗಳು ಎಲ್ಲಿಯೂ ಇಲ್ಲ, ಆ ಜನರೂ ಇಲ್ಲ, ಅವರಾಡುವ ಮಾತನ್ನೆಲ್ಲ ಯಾರೋ ಮೊದಲೇ ಬರೆದಿಟ್ಟಿದ್ದಾರೆ. ಹೀಗಿರುವಾಗ ಅವರನ್ನು ಇಷ್ಟೊಂದು ಹಚ್ಚಿಕೊಳ್ಳುವುದು ಹೇಗೆ? ಕೇಳುವವರಿಗೆ ನಿಜವಾದ ಕುತೂಹಲವಿರುತ್ತದೆ. ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ನನ್ನಲ್ಲಿಲ್ಲದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಕಾದಂಬರಿಯ ಪಾತ್ರಗಳಿಗೂ ನಾವು ಮರುಗುತ್ತೇವಲ್ಲ ಎಂದು ಹೇಳಿ ಪಾರಾಗಬಹುದು. ಆದರೆ ಕಾದಂಬರಿಯ ಪಾತ್ರಕ್ಕೆ ಬರುವ ಕೇಡಿನಲ್ಲಿ ಓದುಗನ ಪಾಲು ಏನೂ ಇರುವುದಿಲ್ಲ. ಆಟದಲ್ಲಿ ಇರುತ್ತದೆ. ಎದುರಿಗಿರುವ ಮನುಷ್ಯ ಕಲ್ಪಿತನೇ ಆಗಿರಲಿ, ಅವನಿಗೆ ಸುಳ್ಳು ಹೇಳಲೋ ನಿಜ ಹೇಳಲೋ ಎಂದು ಕುಳಿತು ಯೋಚಿಸಿದ್ದು ನಾನು, ಕೊನೆಗೆ ಒಂದನ್ನು ಆರಿಸಿದ್ದೂ ನಾನು. ನನ್ನ ಮಮತೆಯ ಬೇರು ಇಲ್ಲಿದೆ.

ಆ ಮಮತೆ ಮೊದಲು ಹುಟ್ಟುವುದು ನೆಲದ ಮೇಲೆ. ಜನ ಆಮೇಲೆ ಬರುತ್ತಾರೆ. 2002ರಲ್ಲಿ ಬಂದ ‘ಮಾರೋವಿಂಡ್’ ನನಗೆ ಇದನ್ನು ತಿಳಿಸಿಕೊಟ್ಟ ಆಟ. ಸೆರೆಯಾಳಾಗಿ ಹಡಗಿನಲ್ಲಿ ಬಂದು ಸೇಡಾ ನೀನ್ ಎಂಬ ಜೌಗುನೆಲದ ಪುಟ್ಟ ಊರಿನಲ್ಲಿ ಇಳಿದ ನಮಗೆ ಸಿಗುವ ಕೆಲಸವೆಂದರೆ, ಬಾಲ್ಮೋರಾ ಪಟ್ಟಣದಲ್ಲಿರುವ ಕೈಯಸ್ ಕೊಸಾಡಿಸ್ ಎಂಬವನಿಗೆ ಒಂದು ಕಟ್ಟನ್ನು ತಲುಪಿಸುವುದು. ಎತ್ತ ಹೋಗಬೇಕೆಂದು ತೋರಿಸುವ ಬಾಣದ ಗುರುತು ತೆರೆಯ ಮೇಲೆ ಮೂಡುವುದಿಲ್ಲ. ದಾರಿಯನ್ನು ಜನರನ್ನು ಕೇಳಿ ತಿಳಿಯಬೇಕು. ಸೇತುವೆ ದಾಟಿ ಎಡಕ್ಕೆ ಹೊರಳು, ಗುಡ್ಡದ ಬುಡದಲ್ಲಿ ಕವಲುದಾರಿ ಸಿಗುತ್ತದೆ ಎನ್ನುವಂಥ ಅವರ ಮಾತು ದಿನಚರಿಯಲ್ಲಿ ಬರಹವಾಗಿ ಉಳಿಯುತ್ತದೆ. ಅದನ್ನು ಓದಿಕೊಂಡು, ಕಲ್ಲು ಗಿಡಗಳನ್ನು ಗುರುತಿಟ್ಟುಕೊಂಡು ನಡೆಯುವುದು ನಮ್ಮ ಕೆಲಸ. ದೂರದ ಊರುಗಳಿಗೆ ಸಿಲ್ಟ್ ಸ್ಟ್ರೈಡರ್ ಎಂಬ ಉದ್ದ ಕಾಲುಗಳ ದೈತ್ಯ ಕೀಟವಿದೆ. ಅದರ ಚಿಪ್ಪನ್ನು ಟೊಳ್ಳು ಮಾಡಿ ಒಳಗೆ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುತ್ತಾರೆ. ಬೂದಿಯ ಬಿರುಗಾಳಿ ಎದ್ದಾಗ ಜನ ಮುಖಕ್ಕೆ ಕೈ ಅಡ್ಡ ಹಿಡಿದು ನಡೆಯುತ್ತಾರೆ. ನಾನು ಅಲ್ಲಿ ಎಷ್ಟೋ ಸಲ ದಾರಿ ತಪ್ಪಿದ್ದೇನೆ, ತಪ್ಪಿದ ದಾರಿಗಳೇ ನನಗೆ ಇಂದಿಗೂ ಚೆನ್ನಾಗಿ ನೆನಪಿರುವುದು. ಇದೇ ಸರಣಿಯಲ್ಲಿ 2006ರಲ್ಲಿ ಬಂದ ‘ಒಬ್ಲಿವಿಯನ್’ ಆಟವು ಗುರಿ ತೋರಿಸುವ ಗುರುತನ್ನೂ, ಮ್ಯಾಪ್ ಮೇಲೆ ಕ್ಲಿಕ್ ಮಾಡಿದೊಡನೆ ಆ ಜಾಗಕ್ಕೆ ಕೊಂಡೊಯ್ಯುವ ಅನುಕೂಲವನ್ನೂ ತಂದಿತು. ಅದರಿಂದ ಸಮಯ ಉಳಿಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಗುರುತನ್ನು ಹಿಂಬಾಲಿಸುವ ಕಣ್ಣು ಊರನ್ನು ನೋಡುವುದಿಲ್ಲ, ಮತ್ತು ನೋಡದ ಊರಿನ ಮೇಲೆ ಪ್ರೀತಿ ಬೆಳೆಯುವುದು ಕಷ್ಟ.

ಗಮನಕ್ಕೂ ಪ್ರೀತಿಗೂ ಇರುವ ಈ ನಂಟನ್ನು ಬಹಳ ಚಿಕ್ಕ ವಿಷಯದಲ್ಲಿ ತೋರಿಸಿದ ಇನ್ನೊಂದು ಆಟ, 2018ರ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’. ಅದರ ಕತೆ ನಡೆಯುವುದು 1403ರ ಬೊಹೀಮಿಯಾದಲ್ಲಿ, ಅಂದರೆ ಇಂದಿನ ಚೆಕ್ ದೇಶದ ನೆಲದಲ್ಲಿ. ನಾವು ಕಮ್ಮಾರನ ಮಗ ಹೆನ್ರಿ. ಅವನಿಗೆ ಓದು ಬರುವುದಿಲ್ಲ, ಆದ್ದರಿಂದ ಪುಸ್ತಕ ತೆರೆದರೆ ಅಕ್ಷರಗಳು ಕಲಸಿಹೋಗಿ ಕಾಣುತ್ತವೆ. ಗುರುವಿಗೆ ಹಣ ಕೊಟ್ಟು ಕಲಿತು, ಕುಳಿತು ಅಭ್ಯಾಸ ಮಾಡಿದಂತೆಲ್ಲ ಪದಗಳು ಒಂದೊಂದಾಗಿ ನೆಟ್ಟಗಾಗುತ್ತವೆ. ಒಂದು ಸಾಲು ಮೊದಲ ಬಾರಿಗೆ ಪೂರ್ತಿ ಅರ್ಥವಾದಾಗ ನನಗಾದ ಸಂತೋಷ ಹೆನ್ರಿಯದೋ ನನ್ನದೋ ಎಂದು ಬೇರ್ಪಡಿಸಲು ನನ್ನಿಂದ ಆಗಲಿಲ್ಲ.

ಇನ್ನು ಜನರ ಮಾತು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರಲ್ಲಿ ಹೊರತಂದ ‘ದಿ ವಿಚರ್ 3’ ಆಟದಲ್ಲಿ, ಯುದ್ಧದಿಂದ ಹಾಳಾದ ವೆಲೆನ್ ಎಂಬ ಸೀಮೆಯನ್ನು ಆಳುವ ಒಬ್ಬ ಬ್ಯಾರನ್ ಇದ್ದಾನೆ. ಅವನ ಹೆಂಡತಿಯೂ ಮಗಳೂ ಕಾಣೆಯಾಗಿದ್ದಾರೆ. ಹುಡುಕಿಕೊಡು ಎಂದು ಅವನು ನಮ್ಮನ್ನು ಕೇಳುತ್ತಾನೆ. ಹುಡುಕುತ್ತ ಹೋದಂತೆ ತಿಳಿಯುವುದು, ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದವನು ಅವನೇ ಎಂದು, ಅವರಿಬ್ಬರೂ ಅವನಿಂದಲೇ ಓಡಿಹೋದರು ಎಂದು. ಅದಕ್ಕೂ ಮುಂಚೆ ಹೆಂಡತಿಗೆ ಗರ್ಭಪಾತವಾಗಿತ್ತು, ಹೆಸರಿಡದೆ ಹೂತ ಆ ಕೂಸು ಪಿಶಾಚಿಯಾಗಿ ಎದ್ದಿತ್ತು. ಅದನ್ನು ಕೊಲ್ಲಬಹುದು, ಅಥವಾ ಆ ತಂದೆಯೇ ಅದನ್ನು ಎದೆಗವಚಿಕೊಂಡು ರಾತ್ರಿಯಲ್ಲಿ ನಡೆದು, ಅದಕ್ಕೊಂದು ಹೆಸರಿಟ್ಟು, ಹೊಸ್ತಿಲಡಿಯಲ್ಲಿ ಹೂಳುವಂತೆ ಮಾಡಬಹುದು. ನಾನು ಎರಡನೆಯದನ್ನು ಆರಿಸಿದೆ. ದಾರಿಯುದ್ದಕ್ಕೂ ನಾನು ಅವನ ಪಕ್ಕದಲ್ಲೇ ನಡೆಯಬೇಕು, ಕೂಸು ಕೆರಳಿದಾಗ ಅದನ್ನು ಮಂತ್ರದಿಂದ ತಣಿಸಬೇಕು. ಅಷ್ಟು ಹೊತ್ತೂ ನನ್ನಲ್ಲಿದ್ದದ್ದು ಅವನ ಮೇಲಿನ ಸಿಟ್ಟು, ಅದರ ಜೊತೆಗೇ ಅವನು ಎಡವದಿರಲಿ ಎಂಬ ಹಾರೈಕೆ. ಇವೆರಡನ್ನೂ ಒಟ್ಟಿಗೆ ಹೊತ್ತು ನಡೆಯುವ ಪ್ರಸಂಗ ಬದುಕಿನಲ್ಲಿ ಎಷ್ಟೋ ಸಲ ಬರುತ್ತದೆ, ಆದರೆ ಅದನ್ನು ಹೀಗೆ ಹೆಜ್ಜೆ ಹೆಜ್ಜೆಯಾಗಿ ಗಮನಿಸುವ ಅವಕಾಶ ಸಿಗುವುದು ಅಪರೂಪ. ಆ ಕುಟುಂಬದ ಗತಿ ಕೊನೆಗೆ ಏನಾಗುತ್ತದೆ ಎಂಬುದು, ಬೇರೊಂದು ಕಡೆ, ಬೇರೆ ಯಾವುದೋ ಕಾರಣಕ್ಕೆ ನಾವು ತೆಗೆದುಕೊಂಡ ನಿರ್ಧಾರವನ್ನು ಅವಲಂಬಿಸಿದೆ. ಒಳ್ಳೆಯದನ್ನು ಬಯಸಿ ಮಾಡಿದ ಕೆಲಸದಿಂದಲೇ ಅವರಿಗೆ ಸಾವು ಬರಬಹುದು. ನನ್ನ ಆಟದಲ್ಲಿ ಬಂತು.

ಕೆಲವು ಪಾತ್ರಗಳು ನಮ್ಮನ್ನು ನೋಡುತ್ತವೆ ಎನ್ನಿಸುವುದೂ ಉಂಟು. 2019ರ ‘ಡಿಸ್ಕೊ ಎಲಿಸಿಯಂ’ ಆಟದಲ್ಲಿ ನಾವು ಕುಡಿತದಿಂದ ನೆನಪನ್ನೇ ಕಳೆದುಕೊಂಡ ಪತ್ತೇದಾರ; ಜೊತೆಗಾರ ಕಿಮ್ ಕಿಟ್ಸುರಾಗಿ, ದಿನಕ್ಕೆ ಒಂದೇ ಸಿಗರೇಟು ಸೇದುವ, ಎಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುವ ಶಿಸ್ತಿನ ಮನುಷ್ಯ. ನಾವು ಮಾಡುವ ಎಡವಟ್ಟುಗಳನ್ನು ಕಂಡೂ ಅವನು ಮರ್ಯಾದೆ ಬಿಟ್ಟು ಮಾತನಾಡುವುದಿಲ್ಲ. ಕೆಲವು ಗಂಟೆಗಳ ಆಟದ ನಂತರ ನಾನು ಉತ್ತರಗಳನ್ನು ಆರಿಸುತ್ತಿದ್ದದ್ದು, ಇದನ್ನು ಕೇಳಿದರೆ ಕಿಮ್‌ಗೆ ಏನನ್ನಿಸೀತು ಎಂಬ ಲೆಕ್ಕದಲ್ಲಿ.

ಎಲ್ಲವನ್ನೂ ಮೊದಲೇ ಬರೆದಿಟ್ಟಿದ್ದಾರೆ ಎಂಬ ಆಕ್ಷೇಪ ಉಳಿಯಿತು. ಅದು ನಿಜ. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಮೇಲಿನ ಆಟದಿಂದ ಈ ಪರಂಪರೆ ಶುರುವಾದಾಗ, ಆಟ ನಡೆಸುವ ಮನುಷ್ಯನೊಬ್ಬ ಎದುರಿಗೆ ಕುಳಿತಿರುತ್ತಿದ್ದ. ಆಟಗಾರರು ಏನೇ ಮಾಡಲಿ, ಅವನು ಆ ಕ್ಷಣಕ್ಕೆ ತಕ್ಕ ಉತ್ತರ ಕೊಡುತ್ತಿದ್ದ. ಕಂಪ್ಯೂಟರಿನಲ್ಲಿ ಆ ಮನುಷ್ಯನಿಲ್ಲದ ಕಾರಣ, ಬರೆಯುವವರು ನಮ್ಮ ನಡೆಯನ್ನು ವರ್ಷಗಳ ಮೊದಲೇ ಊಹಿಸಬೇಕಾಗುತ್ತದೆ. ‘ಮಾರೋವಿಂಡ್’ನಲ್ಲಿ ಮುಖ್ಯ ಕತೆಗೆ ಬೇಕಾದ ವ್ಯಕ್ತಿಯನ್ನು ನಾವು ಕೊಂದರೆ, ಭವಿಷ್ಯವಾಣಿಯ ಎಳೆ ಕಡಿದುಹೋಯಿತು ಎಂದು ಆಟ ತಿಳಿಸುತ್ತದೆ; ಬೇಕಾದರೆ ಹಳೆಯ ಸೇವ್‌ಗೆ, ಅಂದರೆ ಆಟವನ್ನು ಮೊದಲು ಉಳಿಸಿಟ್ಟ ಹಂತಕ್ಕೆ, ಹಿಂದಿರುಗು, ಇಲ್ಲವೇ ನೀನೇ ಕೆಡಿಸಿದ ಈ ಲೋಕದಲ್ಲಿ ಮುಂದುವರಿ ಎನ್ನುತ್ತದೆ. 2011ರ ‘ಡ್ಯೂಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್’ ಆಟದ ಆರಂಭದಲ್ಲಿ, ಬೇಗ ಹೊರಡು ಎಂದು ಅವಸರಪಡಿಸಿದರೂ ಕಚೇರಿಯಲ್ಲೇ ಅಡ್ಡಾಡುತ್ತಿದ್ದರೆ, ನಾವು ಹೋಗಿ ಬಿಡಿಸಬೇಕಾಗಿದ್ದ ಒತ್ತೆಯಾಳುಗಳು ಅಲ್ಲಿ ಸತ್ತೇಹೋಗುತ್ತಾರೆ. ನಾನು ಇಲ್ಲಿ ನಿಂತು ಹೀಗೆ ಮಾಡಬಹುದೆಂದು ನನ್ನನ್ನು ಕಾಣದ ಯಾರೋ ಯೋಚಿಸಿಟ್ಟಿದ್ದಾರೆ ಎಂಬ ಅರಿವು ನನಗೆ ಆಳವಾದ ಆತ್ಮೀಯತೆಯನ್ನು ಕೊಡುತ್ತದೆ.

ಸೇವ್‌ಗೆ ಹಿಂದಿರುಗಿ ತಪ್ಪನ್ನು ತಿದ್ದಿಕೊಳ್ಳಬಹುದಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಸರಳವಾಗಿದೆ: ಯುದ್ಧದಲ್ಲಿ ಸೋತರೆ ಹಿಂದಿರುಗುತ್ತೇನೆ, ಆಡಿದ ಮಾತಿಗೆ ಹಿಂದಿರುಗುವುದಿಲ್ಲ. ಈ ನಿಯಮವನ್ನು ನಾನು ಹಾಕಿಕೊಂಡದ್ದು ‘ಮಾಸ್ ಎಫೆಕ್ಟ್’ ಸರಣಿಯನ್ನು ಆಡುವಾಗ. 2007, 2010 ಮತ್ತು 2012ರಲ್ಲಿ ಬಂದ ಅದರ ಮೂರು ಆಟಗಳಲ್ಲಿ, ಒಂದರ ಸೇವ್ ಮುಂದಿನದಕ್ಕೆ ಹೋಗುತ್ತದೆ. ಮೊದಲ ಆಟದ ವರ್ಮೈರ್ ಎಂಬ ಗ್ರಹದಲ್ಲಿ, ಜೊತೆಯಲ್ಲಿ ಬಂದ ಕೈಡನ್ ಮತ್ತು ಆ್ಯಶ್ಲಿ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಲು ಸಾಧ್ಯ. ಯಾರನ್ನು ಬಿಟ್ಟು ಬರುತ್ತೇವೋ ಅವರು ಮುಂದಿನ ಎರಡು ಆಟಗಳಲ್ಲಿಯೂ ಇರುವುದಿಲ್ಲ. ಅವರ ಹೆಸರು ಮಾತ್ರ ಉಳಿದವರ ಬಾಯಲ್ಲಿ ಬರುತ್ತಿರುತ್ತದೆ. ನಾನು ಆ್ಯಶ್ಲಿಯನ್ನು ಉಳಿಸಿದೆ. ವರ್ಷಗಳ ನಂತರ, ಈ ಬಾರಿ ಕೈಡನ್‌ನನ್ನು ಉಳಿಸಿ ಅವನ ಮುಂದಿನ ಕತೆಯನ್ನೂ ನೋಡಬೇಕೆಂದು ನಿರ್ಧರಿಸಿಕೊಂಡೇ ಮತ್ತೆ ಮೊದಲಿನಿಂದ ಆಡಿದೆ. ವರ್ಮೈರ್‌ಗೆ ಬಂದು ಆ ಆಯ್ಕೆ ತೆರೆಯ ಮೇಲೆ ಮೂಡಿದಾಗ, ಅಷ್ಟೂ ವರ್ಷ ಪರಿಚಯವಿದ್ದವಳನ್ನು ಅಲ್ಲಿ ಬಿಟ್ಟು ಬರಲು ನನ್ನಿಂದ ಆಗಲಿಲ್ಲ. ಕೈಡನ್‌ನ ಮುಂದಿನ ಕತೆಯನ್ನು ನಾನು ಇಂದಿಗೂ ನೋಡಿಲ್ಲ.